ಭಸ್ಮಾಸುರನ ಕಿರೀಟ, ಮಾವನ ಜಟೆ

ಮೊದಲ ದಿನ

"ನಾನು ಶಿವ. ಶನಿವಾರ ರಾತ್ರಿ ತಪ್ಪದೆ ಬಾ" ಎಂದು ಹೇಳಿ ಮಾವ ಫೋನ್ ಇಟ್ಟುಬಿಟ್ಟಿದ್ದರು. ಅರವತ್ತು ದಾಟಿದ ಮನುಷ್ಯ ಹೀಗೆ ಹೇಳಿದರೆ ಬೇರೆ ಮನೆಗಳಲ್ಲಿ ಗಾಬರಿಯಾಗುತ್ತಾರೇನೋ. ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾವ ಈ ಮೊದಲು ವಿದುರನಾಗಿದ್ದಾರೆ, ಶಕುನಿಯಾಗಿದ್ದಾರೆ, ಕರೆಸಿದ್ದ ಕಲಾವಿದೆಯ ಬಸ್ಸು ಕೆಟ್ಟು ನಿಂತ ಒಂದು ರಾತ್ರಿ ಗಾಂಧಾರಿಯೂ ಆಗಿದ್ದಾರೆ. ಕಣ್ಣಿನ ಬಟ್ಟೆಯನ್ನು ತುಸು ಕೆಳಗೆ ಇಳಿಸಿ ಕಟ್ಟಿಕೊಂಡು ಮೀಸೆ ಉಳಿಸಿಕೊಂಡರಂತೆ. ಧೃತರಾಷ್ಟ್ರನಿಗೆ ಹೇಗೂ ಕಾಣಿಸುವುದಿಲ್ಲವಲ್ಲ ಎಂಬುದು ಅವರ ಸಮಾಧಾನ.

ಯಶವಂತಪುರದಲ್ಲಿ ರೈಲು ಹತ್ತಿದೆ. ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋಗುವವರು ಮೊದಲು ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಬೇಕಿತ್ತು; 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ನೇರ ಹಳಿ ಬಂದು ಆ ಸುತ್ತಾಟ ತಪ್ಪಿತು. ಕಿಟಕಿಯಾಚೆ ತೆಂಗು, ರಾಗಿ ಕೊಯ್ದ ಬಯಲು, ಮತ್ತೆ ತೆಂಗು. ಕುಣಿಗಲ್ ದಾಟುವಷ್ಟರಲ್ಲಿ ನನಗೆ ನಿದ್ದೆ ಬಂದಿತ್ತು.

ಹಾಸನದಲ್ಲಿ ಇಳಿದರೆ ಯಾವ ಹಂಗಾಮು ನಡೆಯುತ್ತಿದೆ ಎಂದು ಗೋಡೆಗಳೇ ಹೇಳುತ್ತವೆ. ಸುಗ್ಗಿ ಮುಗಿದ ಮೇಲೆ ಮಳೆ ಹಿಡಿಯುವತನಕ ಹಾಸನ, ಮಂಡ್ಯ, ತುಮಕೂರು ಸೀಮೆಯಲ್ಲಿ ಪೌರಾಣಿಕ ನಾಟಕದ ಕಾಲ. ಪೋಸ್ಟರಿನಲ್ಲಿ ನಾಟಕಕ್ಕೆ ಒಂದು ಹೆಸರು ಸಾಲದು, ಎರಡು ಬೇಕು, ನಡುವೆ ಒಂದು 'ಅಥವಾ' ಬೇಕು: 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ'. ಕೆಳಗೆ ಪಾತ್ರಧಾರಿಗಳ ಪುಟ್ಟ ಪುಟ್ಟ ಭಾವಚಿತ್ರಗಳು. ಕೃಷ್ಣ ತಂಪು ಕನ್ನಡಕ ಹಾಕಿಕೊಂಡಿರುತ್ತಾನೆ, ಭೀಷ್ಮ ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯನಾಗಿರುತ್ತಾನೆ. ಹಾಸನಾಂಬ ಕಲಾಕ್ಷೇತ್ರದ ಮುಂದೆ ಹಾದು ಹೋಗುವಾಗ ಒಳಗಿನಿಂದ ಹಾರ್ಮೋನಿಯಂ ಕೇಳಿಸಿತು. ಯಾರೋ ಕಂದ ಪದ್ಯದ ಕೊನೆಯ ಅಕ್ಷರವನ್ನು ಹಿಡಿದುಕೊಂಡು ಬಿಡಲು ಒಲ್ಲದೆ ಏರುತ್ತಲೇ ಇದ್ದರು. ನಾನು ರಸ್ತೆ ದಾಟಿ, ಆಟೋ ಹಿಡಿದು, ಚಿಲ್ಲರೆಗಾಗಿ ತಡಕಾಡುವವರೆಗೂ ಅದೇ ಅಕ್ಷರ.

ಈ ನಾಟಕಗಳ ಲೆಕ್ಕಾಚಾರ ಬೆಂಗಳೂರಿನವರಿಗೆ ತಲೆಕೆಳಗಾಗಿ ಕಾಣಬಹುದು. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಕೊಡುತ್ತಾನೆ. ಸೀನರಿ, ಡ್ರೆಸ್ಸು, ಲೈಟು, ಮೈಕು, ಹಾರ್ಮೋನಿಯಂ ಮೇಷ್ಟ್ರು, ಹೊರಗಿನಿಂದ ಕರೆಸುವ ಸ್ತ್ರೀ ಪಾತ್ರದ ಕಲಾವಿದೆಯರು, ಎಲ್ಲರ ಬಾಬ್ತು ಪಾರ್ಟುಗಳ ಮೇಲೆ ಹಂಚಿಹೋಗುತ್ತದೆ. ದುರ್ಯೋಧನನ ಪಾರ್ಟು ದುಬಾರಿ, ದ್ವಾರಪಾಲಕನದು ಅಗ್ಗ. ಮಾವ ಶಿವನ ಪಾರ್ಟು ಆರಿಸಿಕೊಂಡದ್ದರ ಹಿಂದೆಯೂ ಭಕ್ತಿಗಿಂತ ಲೆಕ್ಕ ಹೆಚ್ಚು: ಶಿವನಿಗೆ ಕಿರೀಟವಿಲ್ಲ, ಭುಜಕೀರ್ತಿಯಿಲ್ಲ. ಒಂದು ಜಟೆ, ಒಂದು ಹುಲಿಚರ್ಮ, ಒಂದು ರಬ್ಬರ್ ಹಾವು. ಬಾಡಿಗೆ ಕಡಿಮೆ.

ಬೇಲೂರಿನಿಂದ ಪಶ್ಚಿಮಕ್ಕೆ, ಬಯಲು ಮುಗಿದು ಕಾಫಿ ತೋಟ ಶುರುವಾಗುವ ಅಂಚಿನಲ್ಲಿ ಮಾವನ ಊರು. ಸಂಜೆ ಶಾಲೆಯ ಜಗಲಿಯಲ್ಲಿ ತಾಲೀಮು. ಮೇಷ್ಟ್ರು ನಲವತ್ತು ವರ್ಷಗಳಿಂದ ಊರೂರಿಗೆ ಕುರುಕ್ಷೇತ್ರ ಕಲಿಸಿದವರು. ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಅವರದು. ಈ ವರ್ಷ ಹಾಸ್ಯ ನಾಟಕ ಏಕೆ ಎಂದು ಕೇಳಿದೆ.

"ಪಾಂಡವರೇ ಐದು ಜನ ಬೇಕಲ್ಲಪ್ಪ" ಎಂದರು. "ಹುಡುಗರೆಲ್ಲ ನಿಮ್ಮ ಬೆಂಗಳೂರಿನಲ್ಲಿದ್ದಾರೆ. ಉಳಿದವರು ಏಳು ಮಂದಿ. ಅದರಲ್ಲಿ ಇಬ್ಬರಿಗೆ ಮಂಡಿನೋವು. ಏಳು ಜನಕ್ಕೆ ಯಾವ ಪುರಾಣ ಆಗುತ್ತದೆ ಎಂದು ಹುಡುಕಿದಾಗ ಭಸ್ಮಾಸುರ ಸಿಕ್ಕಿದ."

ಬರೆದವನು ಹಾಲಿನ ಡೇರಿಯ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಹಾಲಿನ ಜಿಡ್ಡು ಅಳೆಯುವ ಮನುಷ್ಯ. ಮಾತಿನಲ್ಲಿ ನೀರು ಬೆರೆಸಿದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಊರಿನ ಹಿರಿಯರೊಬ್ಬರು ತಾಲೀಮಿನ ನಡುವೆ ಎದ್ದು ನಿಂತು, ಶಿವನನ್ನು ಹೀಗೆ ಅಟ್ಟಾಡಿಸಿ ಓಡಿಸುವುದು ಸರಿಯೇ, ಜಾತ್ರೆಯ ಎದುರಿನಲ್ಲಿ ಇಂಥ ಕುಚೋದ್ಯ ಬೇಕೇ ಎಂದು ಆಕ್ಷೇಪಿಸಿದರು. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿದರು.

"ಶಿವನನ್ನು ಓಡಿಸಿದ್ದು ನಾವಲ್ಲ, ಭಾಗವತ" ಎಂದು ಶುರುಮಾಡಿದರು. ಹತ್ತನೆಯ ಸ್ಕಂಧದಲ್ಲಿ ಅವನ ಹೆಸರು ವೃಕಾಸುರ. ಯಾವ ದೇವರು ಬೇಗ ಒಲಿಯುತ್ತಾನೆ ಎಂದು ನಾರದನನ್ನು ವಿಚಾರಿಸುತ್ತಾನೆ, ಇಂದು ನಾವು ಯಾವ ಬ್ಯಾಂಕು ಬೇಗ ಸಾಲ ಕೊಡುತ್ತದೆ ಎಂದು ವಿಚಾರಿಸುವಂತೆ. ಕೇದಾರದಲ್ಲಿ ತನ್ನ ಮಾಂಸವನ್ನೇ ಬೆಂಕಿಗೆ ಹಾಕಿ ಶಿವನನ್ನು ಒಲಿಸಿಕೊಂಡು, ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಸಾಯಬೇಕು ಎಂಬ ವರ ಪಡೆದು, ಕೊಟ್ಟವನ ತಲೆಗೇ ಕೈ ಚಾಚುತ್ತಾನೆ. ಶಿವ ದಿಕ್ಕು ದಿಕ್ಕಿಗೆ ಓಡುತ್ತಾನೆ. ಅಲ್ಲಿ ಮೋಹಿನಿ ಬರುವುದಿಲ್ಲ. ವಿಷ್ಣು ಬರುವುದು ಒಬ್ಬ ವಟುವಿನ ವೇಷದಲ್ಲಿ. ಬಂದು, ಪಾಪ ದಣಿದಿದ್ದೀಯ, ಸ್ವಲ್ಪ ಸುಧಾರಿಸಿಕೋ ಎನ್ನುತ್ತಾನೆ. ದಕ್ಷನ ಶಾಪದಿಂದ ಪಿಶಾಚಿಯಂತಾದ ಆ ಶಿವನ ಮಾತನ್ನು ಯಾರಾದರೂ ನಂಬುತ್ತಾರೆಯೇ, ಅನುಮಾನವಿದ್ದರೆ ನಿನ್ನ ತಲೆಯ ಮೇಲೇ ಇಟ್ಟು ನೋಡಿಕೋ ಎನ್ನುತ್ತಾನೆ. ಅವನು ಇಟ್ಟುಕೊಳ್ಳುತ್ತಾನೆ.

"ಇಷ್ಟು ದೊಡ್ಡ ಹಾಸ್ಯವನ್ನು ವ್ಯಾಸರೇ ಬರೆದಿಟ್ಟಿರುವಾಗ ನಮ್ಮ ಡೇರಿ ಹುಡುಗ ಹೊಸದಾಗಿ ಏನು ಸೇರಿಸಿಯಾನು? ಬಸ್ಸು, ಆಧಾರ್ ಕಾರ್ಡು ಸೇರಿಸಿದ್ದಾನೆ, ಅಷ್ಟೇ."

ಹಿರಿಯರು ಕೂತರು. ಒಪ್ಪಿ ಕೂತರೋ ಕಾಲು ನೋಯುತ್ತಿತ್ತೋ ತಿಳಿಯಲಿಲ್ಲ. ಕೂತ ಮೇಲೆ ಇನ್ನೊಂದು ತೆಗೆದರು: ಭಸ್ಮಾಸುರ ಸುಟ್ಟದ್ದು ಯಾಣದಲ್ಲಿ, ಅಲ್ಲಿನ ಬಂಡೆ ಕಪ್ಪಾಗಿರುವುದು ಅದಕ್ಕೇ, ನೀವು ಇಲ್ಲಿ ಹೇಗೆ ಸುಡುತ್ತೀರಿ? ಮಾವ ಹೇಳಿದರು, "ಅಲ್ಲಿಯವರೆಗೂ ಓಡಲು ನನ್ನ ಕೈಲಾಗುವುದಿಲ್ಲ ಗೌಡರೇ."

ಎರಡನೆಯ ದಿನ

ಭಸ್ಮಾಸುರ ಬೆಳಿಗ್ಗೆಯೇ ಬೈಕು ತಂದು ನಿಲ್ಲಿಸಿದ. ಶುಂಠಿ ಬೆಳೆಯುವವನು, ಆರಡಿ ಆಳು, ಗಂಟಲು ಮಾತ್ರ ಮೆತ್ತಗೆ. ಮೋಹಿನಿ ತಲೆಯ ಮೇಲೆ ಕೈ ಹೇಗೆ ಇಡುತ್ತಾಳೆ ಎಂದು ಬೇಲೂರಿಗೆ ಹೋಗಿ ನೋಡಿಕೊಂಡು ಬಾ ಎಂದು ಮೇಷ್ಟ್ರ ಆಜ್ಞೆಯಾಗಿತ್ತು. ಇಷ್ಟು ಹತ್ತಿರದಲ್ಲಿದ್ದೂ ಅವನು ದೇವಸ್ಥಾನದ ಒಳಗೆ ಕಾಲಿಟ್ಟದ್ದು ಕೊನೆಯ ಬಾರಿ ಮದುವೆಯಾದ ವರ್ಷವಂತೆ. ಸಂತೆಗೆ ಬರುತ್ತೇನೆ, ಗೋಪುರಕ್ಕೆ ಹೊರಗಿನಿಂದಲೇ ಕೈ ಮುಗಿಯುತ್ತೇನೆ ಎಂದ.

ಚೆನ್ನಕೇಶವ ದೇವಾಲಯ 1117ರದು, ವಿಷ್ಣುವರ್ಧನ ಕಟ್ಟಿಸಿದ್ದು. 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇದು ಎಲ್ಲ ಫಲಕಗಳಲ್ಲೂ ಇರುವ ಸಂಗತಿ. ನಾವು ಹೋದ ಕೆಲಸ ಬೇರೆ. ಸೂರಿನ ಕೆಳಗೆ ಓರೆಯಾಗಿ ನಿಂತ ಶಿಲಾಬಾಲಿಕೆಯರು ಒಟ್ಟು 42, ಅವರಲ್ಲಿ ನಾಲ್ವರು ಒಳಗಿನ ನವರಂಗದಲ್ಲಿದ್ದಾರೆ. ಕತ್ತು ನೋಯುವಂತೆ ಮೇಲೆ ನೋಡುತ್ತ ಜಗತಿಯ ಮೇಲೆ ಎರಡು ಸುತ್ತು ಬಂದೆವು. ಹೆಚ್ಚು ಹೊತ್ತು ಅವನು ನಿಂತದ್ದು ದರ್ಪಣಸುಂದರಿಯ ಮುಂದಲ್ಲ. ಒಬ್ಬಳ ಸೀರೆಯ ಸೆರಗನ್ನು ಕೋತಿ ಎಳೆಯುತ್ತಿದೆ, ಅವಳು ಕೋಲೆತ್ತಿದ್ದಾಳೆ. ಅಲ್ಲಿ ನಿಂತು ನಕ್ಕ. ಇನ್ನೊಂದು ಕಡೆ ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ಬಳಪದ ಕಲ್ಲಿನಲ್ಲಿ ನೊಣ ಕೆತ್ತಲು ಯಾವ ರಾಜನೂ ಹೇಳಿರಲಾರ. ಅದು ರೂವಾರಿಯ ಸ್ವಂತ ಚೇಷ್ಟೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಲ್ಲಿ ತಮ್ಮ ಹೆಸರು ಬರೆದುಕೊಂಡಿದ್ದಾರೆ. ಪೋಸ್ಟರಿನಲ್ಲಿ ಭಾವಚಿತ್ರ ಹಾಕಿಸಿಕೊಳ್ಳುವ ನಮ್ಮವರ ಆಸೆಗೆ ಒಂಬೈನೂರು ವರ್ಷದ ಹಿರಿಯರಿದ್ದಾರೆ ಎಂದು ನನಗೆ ಸಮಾಧಾನವಾಯಿತು.

ಮಾರ್ಗದರ್ಶಿಯೊಬ್ಬರು ಭಸ್ಮಮೋಹಿನಿಯನ್ನು ತೋರಿಸಿದರು. ಕೈ ಎತ್ತಿ ತಲೆಯ ಮೇಲೆ ತಂದಿದ್ದಾಳೆ, ಸೊಂಟ ಒಂದು ಕಡೆ, ಮುಖದಲ್ಲಿ ಏನೂ ಗೊತ್ತಿಲ್ಲದವಳ ಭಾವ. ಭಸ್ಮಾಸುರ ಬಹಳ ಹೊತ್ತು ನೋಡಿದ. ಬೈಕಿನ ಕೀಲಿಯನ್ನು ಜೇಬಿಗೆ ಹಾಕಿ, ಅಕ್ಕಪಕ್ಕ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೈಯನ್ನು ನಿಧಾನವಾಗಿ ತಲೆಯ ಮೇಲೆ ತಂದ. ಶಾಲೆಯ ಮಕ್ಕಳ ಒಂದು ಸಾಲು ಅದೇ ಹೊತ್ತಿಗೆ ಮೂಲೆ ತಿರುಗಿ ಬಂತು. ತಲೆ ಕೆರೆದುಕೊಂಡ.

"ಅವಳ ಮುಖ ನೋಡಿದಿರಾ?" ಎಂದು ಹೊರಗೆ ಬಂದು ಟೀ ಕುಡಿಯುವಾಗ ಕೇಳಿದ. "ಎದುರಿಗೆ ರಾಕ್ಷಸ ಇದ್ದಾನೆ ಎಂದು ಅವಳಿಗೆ ಗೊತ್ತೇ ಇಲ್ಲವೇನೋ ಎಂಬಂತೆ ಇದ್ದಾಳೆ. ಅಂಥವಳು ಹೇಳಿದರೆ ನಾನಾದರೂ ಇಟ್ಟುಕೊಳ್ಳುತ್ತೇನೆ."

ಆ ರಾತ್ರಿಯ ತಾಲೀಮಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಹನ್ನೆರಡು ಸಲ ಸತ್ತ. ಮೇಷ್ಟ್ರು ಎಲ್ಲವನ್ನೂ ಮೆಚ್ಚಿದರು. ಟವೆಲ್ಲಿಗೂ ಕಿರೀಟಕ್ಕೂ ಇರುವ ವ್ಯತ್ಯಾಸ ಯಾರಿಗೂ ಹೊಳೆಯಲಿಲ್ಲ.

ಮೂರನೆಯ ದಿನ

ಬೆಳಿಗ್ಗೆಯಿಂದ ಊರು ಎರಡು ಪಕ್ಷವಾಗಿತ್ತು. ಪಡುವಣದಲ್ಲಿ ಮೋಡ. ಕಾಫಿ ಬೆಳೆಗಾರರಿಗೆ ಈ ದಿನಗಳಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಬಂಗಾರ: ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ. ಸ್ಪ್ರಿಂಕ್ಲರ್ ಹಾಕಿಸಿ ಈಗಾಗಲೇ ಹೂ ಬರಿಸಿಕೊಂಡವರಿಗೆ ಅದೇ ಮಳೆ ಶತ್ರು. ಅರಳಿದ ಹೂವಿನ ಮೇಲೆ ನೀರು ಬಿದ್ದರೆ ಕಾಯಿ ಕಟ್ಟುವುದಿಲ್ಲ. ನಾಟಕದವರು ಸ್ಪ್ರಿಂಕ್ಲರ್ ಪಕ್ಷ ಸೇರಿಕೊಂಡರು. ಮಾವನ ಸ್ಥಿತಿ ಕಷ್ಟದ್ದು. ಎರಡು ಎಕರೆ ತೋಟವಿದೆ, ಸ್ಪ್ರಿಂಕ್ಲರ್ ಇಲ್ಲ, ಶಿವನ ಪಾರ್ಟಿದೆ. "ಬೆಳಿಗ್ಗೆ ಐದಕ್ಕೆ ಬರಲಿ" ಎಂದು ಮೋಡಕ್ಕೆ ಒಂದು ಮಧ್ಯಸ್ಥಿಕೆಯ ಸಲಹೆ ಕೊಟ್ಟರು.

ಮಧ್ಯಾಹ್ನ ಸೀನರಿ ಲಾರಿ ಬಂತು. ಸುರುಳಿ ಬಿಚ್ಚಿದರೆ ಅರಮನೆ, ಕಾಡು, ಬೀದಿ, ಕೈಲಾಸ. ಕೈಲಾಸದ ಹಿಮದ ಮೇಲೆ ಹಿಂದಿನ ಯಾವುದೋ ಊರಿನ ಮಳೆಯ ಕಲೆ. ಡ್ರೆಸ್ಸಿನವರು ಟ್ರಂಕುಗಳನ್ನು ಇಳಿಸಿ, ಒಂದೊಂದು ಕಿರೀಟವನ್ನೂ ಹಳೆಯ ಸೀರೆಯಿಂದ ಬಿಡಿಸಿ ಸಾಲಾಗಿ ಇಟ್ಟರು. ರಟ್ಟಿನ ಮೇಲೆ ಬೇಗಡೆ, ಮಣಿ, ಕನ್ನಡಿ ಚೂರು. ಭಸ್ಮಾಸುರನದು ಎಲ್ಲಕ್ಕಿಂತ ಎತ್ತರ, ಒಂದೂವರೆ ಮೊಳಕ್ಕೆ ಸ್ವಲ್ಪ ಕಡಿಮೆ. ಇದೊಂದು ಹೊಸದು, ಕೈ ಜಾಸ್ತಿ ಹಾಕಬೇಡಿ ಎಂದು ಡ್ರೆಸ್ಸಿನವರು ಮೂರು ಸಲ ಹೇಳಿದರು. ಕೈ ಹಾಕುವುದೇ ಕಥೆಯಾದ ನಾಟಕಕ್ಕೆ ಇಂಥ ಎಚ್ಚರಿಕೆ.

ಮೋಹಿನಿ ಬಂದದ್ದು ಸಂಜೆ ಆರಕ್ಕೆ, ತಿಪಟೂರಿನ ಕಡೆಯಿಂದ, ಹಿಂದಿನ ರಾತ್ರಿಯೆಲ್ಲ ದ್ರೌಪದಿಯಾಗಿ ಕಣ್ಣೀರು ಸುರಿಸಿ. ಐವತ್ತರ ಆಸುಪಾಸಿನ ಹೆಂಗಸು. ಕಾಫಿ ಕುಡಿದು ಟ್ರಂಕಿಗೆ ಒರಗಿ ಕೂತಲ್ಲೇ ಒಂದು ಗಂಟೆ ಮಲಗಿದರು. ಎದ್ದು ಡೇರಿ ಕಾರ್ಯದರ್ಶಿಯನ್ನು ಕರೆಸಿದರು. ಅವನು ಕೈಬರಹದ ಪುಸ್ತಕ ಚಾಚಿದ. "ಪುಸ್ತಕ ಬೇಡಪ್ಪ. ಜನ ಎಲ್ಲಿ ನಗಬೇಕು ಎಂದು ಹೇಳು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ."

ಹತ್ತೂವರೆಗೆ ಪರದೆ ಎದ್ದಿತು. ಪ್ರಾರ್ಥನೆ, ಸನ್ಮಾನ, ಮತ್ತೆ ಸನ್ಮಾನ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ವರ ಸಿಕ್ಕಿದ ಮೇಲೆ ಭಸ್ಮಾಸುರ ಅದನ್ನು ಮೊದಲು ಪರೀಕ್ಷಿಸಲು ಹೋಗುವುದು ಒಬ್ಬ ರೈತನ ಆಲೂಗಡ್ಡೆ ಹೊಲಕ್ಕೆ. ಗಿಡಗಳ ಮೇಲೆಲ್ಲ ಕೈಯಾಡಿಸಿ ಅಟ್ಟಹಾಸ ಮಾಡುತ್ತಾನೆ. ರೈತ ಬೀಡಿ ಎಳೆಯುತ್ತಾ ಕೂತೇ ಇರುತ್ತಾನೆ. "ಸ್ವಾಮಿ, ಅಂಗಮಾರಿ ನಿಮಗಿಂತ ಮೊದಲೇ ಬಂದು ಹೋಯಿತು. ಸುಡಲು ಏನೂ ಉಳಿದಿಲ್ಲ. ಸೊಸೈಟಿ ಸಾಲದ ಪತ್ರ ಇದೆ, ಅದರ ಮೇಲೆ ಬೇಕಾದರೆ ಕೈ ಇಡಿ." ಹಾಸನದ ಆಲೂಗಡ್ಡೆಗೆ ಬಿದ್ದ ಆ ರೋಗದಲ್ಲಿ ಕೈಸುಟ್ಟುಕೊಂಡು ಜೋಳಕ್ಕೂ ಶುಂಠಿಗೂ ತಿರುಗಿದವರೇ ಚಾಪೆಯ ಮೇಲೆ ಕೂತಿದ್ದರು. ಮೊದಲು ಒಂದು ಕ್ಷಣ ಸದ್ದಿಲ್ಲ. ಆಮೇಲೆ ಎದ್ದ ನಗು ಧ್ವನಿವರ್ಧಕವನ್ನೂ ಮುಳುಗಿಸಿತು. ನನ್ನ ಪಕ್ಕದಲ್ಲಿ ಕೂತಿದ್ದವರು ನಗುತ್ತಲೇ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

ಶಿವನ ಓಟ ಶುರುವಾಯಿತು. ಮಾವ ಪ್ರೇಕ್ಷಕರ ನಡುವೆ ಓಡಿ, ಕಡಲೆಕಾಯಿ ಮಾರುವವನ ಹಿಂದೆ ಅವಿತು, ಕೊನೆಗೆ ಬಸ್ಸು ಹತ್ತಿದರು. ಬಸ್ಸೆಂದರೆ ಒಂದು ಬೆಂಚು. ಪಾರ್ವತಿ ಆಧಾರ್ ತೋರಿಸಿ ಉಚಿತ ಟಿಕೆಟ್ ಪಡೆದು ಕಿಟಕಿಯ ಪಕ್ಕ ಕೂತಳು. ಗಂಡಸರಿಗೆ ಉಚಿತವಿಲ್ಲ ಎಂದ ನಿರ್ವಾಹಕ ಶಿವನ ವಿಳಾಸ ಕೇಳಿದ.

"ಸ್ಮಶಾನ."

"ಯಾವ ವಾರ್ಡು?"

ಮಾವ ಇಲ್ಲಿ ನಗಬಾರದಿತ್ತು. ನಕ್ಕುಬಿಟ್ಟರು. ಮೇಷ್ಟ್ರು ಹಾರ್ಮೋನಿಯಂ ಹಿಂದಿನಿಂದ ನೋಡಿದ ನೋಟಕ್ಕೆ ಮೂರನೆಯ ಕಣ್ಣೇ ಬೇಕಿರಲಿಲ್ಲ.

ಭಸ್ಮಾಸುರ ಮಾತ್ರ ಒಮ್ಮೆಯೂ ನಗಲಿಲ್ಲ. ಇಡೀ ನಾಟಕದಲ್ಲಿ ಅವನೊಬ್ಬ ಕುರುಕ್ಷೇತ್ರದ ದುರ್ಯೋಧನನಂತೆಯೇ ಆಡಿದ, ವೃತ್ತಗಳನ್ನು ಕಣ್ಣು ಕೆಂಪು ಮಾಡಿಕೊಂಡು ಹಾಡಿದ. ಅವನು ಗಂಭೀರವಾದಷ್ಟೂ ಜನ ಬಿದ್ದು ಬಿದ್ದು ನಕ್ಕರು. ಮೋಹಿನಿ ಬಂದಾಗ ಅವನ ಮುಖ ನೋಡಬೇಕಿತ್ತು, ಬೇಲೂರಿನ ಜಗತಿಯ ಮೇಲೆ ನಿಂತು ಮೇಲೆ ನೋಡುತ್ತಿದ್ದನಲ್ಲ, ಅದೇ ಮುಖ. ಅವರು ಕುಣಿದಂತೆ ಕುಣಿದ. ಕೈ ಸೊಂಟಕ್ಕೆ, ಕೈ ಭುಜಕ್ಕೆ, ಕೈ ಗಲ್ಲಕ್ಕೆ. ಮೋಹಿನಿ ಕೈಯನ್ನು ತಲೆಯ ಮೇಲೆ ಇಟ್ಟರು. ಭಸ್ಮಾಸುರ ಎತ್ತಿದ. ಕೈ ಕಿವಿಯವರೆಗೆ ಬಂದು ನಿಂತಿತು.

ಭುಜಕೀರ್ತಿ ತೋಳನ್ನು ಬಿಡುತ್ತಿಲ್ಲ. ಜೋರು ಮಾಡಿ ಎತ್ತಿದ. ಬೆರಳು ಕಿರೀಟದ ಅರ್ಧಕ್ಕೆ ತಾಗಿ ಒಂದು ಕನ್ನಡಿ ಚೂರು ಉದುರಿತು. ಸೈಡ್ ವಿಂಗಿನಲ್ಲಿ ಡ್ರೆಸ್ಸಿನವರ ತಲೆ ಕಾಣಿಸಿಕೊಂಡಿತು. ಭಸ್ಮಾಸುರ ಅವರನ್ನು ನೋಡಿದ, ಕೈ ಇಳಿಸಿದ. ಮೇಷ್ಟ್ರು ಅದೇ ಸಾಲನ್ನು ಮತ್ತೆ ನುಡಿಸಿದರು. ಮೋಹಿನಿ ಮತ್ತೆ ಕೈಯಿಟ್ಟರು. ಇವನು ಮತ್ತೆ ಕಿವಿ ಹಿಡಿದುಕೊಂಡ, ಶಾಲೆಯಲ್ಲಿ ಬಸ್ಕಿ ಹೊಡೆಯುವ ಹುಡುಗನ ಹಾಗೆ. ಪುರಾಣ ಅಲ್ಲಿಗೇ ನಿಂತುಹೋಯಿತು. ರಾಕ್ಷಸ ಸಾಯುವಂತಿಲ್ಲ, ಶಿವ ಹೊರಗೆ ಬರುವಂತಿಲ್ಲ, ಮುಂಗಡವಾಗಿ ಕೊಟ್ಟ ದುಡ್ಡು ವಾಪಸು ಬರುತ್ತದೋ ಇಲ್ಲವೋ.

ಮೂರನೆಯ ಸುತ್ತಿಗೆ ಮೋಹಿನಿ ಹತ್ತಿರ ಬಂದರು. "ಸ್ವಾಮಿ, ನಮ್ಮ ಲೋಕದಲ್ಲಿ ಹೆಂಗಸಿನ ಜೊತೆ ಕುಣಿಯುವಾಗ ಗಂಡಸು ಕಿರೀಟ ತೆಗೆದಿಡುತ್ತಾನೆ. ತಲೆಯ ಮೇಲೆ ಅಷ್ಟು ಭಾರ ಇಟ್ಟುಕೊಂಡರೆ ಕುಣಿತ ಎಲ್ಲಿ ಹತ್ತುತ್ತದೆ?" ಎನ್ನುತ್ತಾ ಎರಡೂ ಕೈಯಿಂದ ಕಿರೀಟವನ್ನು ಎತ್ತಿ, ಮಗುವನ್ನು ಕೊಡುವಂತೆ ವಿಂಗಿನಲ್ಲಿದ್ದ ಡ್ರೆಸ್ಸಿನವರ ಕೈಗೆ ಕೊಟ್ಟರು. ಕೆಳಗೆ, ಕಿರೀಟ ಕಚ್ಚದಿರಲೆಂದು ಕಟ್ಟಿದ್ದ ಅದೇ ತಾಲೀಮಿನ ಟವೆಲ್. ಭಸ್ಮಾಸುರ ತಲೆ ಬಗ್ಗಿಸಿ, ಕೈಗೆ ತಲೆಯನ್ನೇ ತಂದು ಮುಟ್ಟಿಸಿದ. ಮದ್ದು ಸಿಡಿಯಿತು. ಹೊಗೆ ಕರಗಿದಾಗ ಬೆತ್ತ ಮುರಿದಂತೆ ಬಿದ್ದಿದ್ದ.

"ಒನ್ಸ್ ಮೋರ್!"

ನಾನು ಇದನ್ನು ಬರೀ ಉತ್ಸಾಹವೆಂದುಕೊಂಡಿದ್ದೆ. ಆಗಿನ್ನೂ ರಾತ್ರಿ ಒಂದೂವರೆ. ಕುರುಕ್ಷೇತ್ರವಾಗಿದ್ದರೆ ಬೆಳಗಿನ ತನಕ ನಡೆಯುತ್ತಿತ್ತು. ಪಕ್ಕದ ತೋಟಕ್ಕೆ ಆನೆ ಹಿಂಡು ಇಳಿದಿದೆ, ಯಾರೂ ಕತ್ತಲಲ್ಲಿ ಹೊರಡಬೇಡಿ ಎಂದು ಮೊಬೈಲುಗಳಿಗೆ ಸಂದೇಶ ಬಂದಿತ್ತು. ಮುನ್ನೂರು ಜನ ಮನೆಗೆ ಹೋಗುವಂತಿಲ್ಲ, ನಾಟಕ ಮುಗಿದಿದೆ. ಆದ್ದರಿಂದ ಭಸ್ಮಾಸುರ ಎದ್ದು ಮತ್ತೆ ಸತ್ತ. ಮೂರನೆಯ ಸಲ ಸಾಯುವ ಮೊದಲು ಯಾರೋ ವೇದಿಕೆಗೆ ಹತ್ತಿ, ಇವರ ಸಾವನ್ನು ಮೆಚ್ಚಿ ನೂರೊಂದು ರೂಪಾಯಿ ಎಂದು ಮೈಕಿನಲ್ಲಿ ಹೇಳಿ ಹಾರ ಹಾಕಿದರು. ನಡುನಡುವೆ ಮೋಹಿನಿ, ಕೇಳಿದವರಿಗಾಗಿ, ದ್ರೌಪದಿಯ ಪದ್ಯಗಳನ್ನೂ ಹಾಡಿದರು. ಆಗ ಯಾರೂ ನಗಲಿಲ್ಲ. ಮೊನ್ನೆ ತಾಲೀಮಿನಲ್ಲಿ ಆಕ್ಷೇಪಿಸಿದ್ದ ಗೌಡರು ಮುಂದಿನ ಸಾಲಿನಲ್ಲಿ ತಲೆದೂಗುತ್ತಾ ಕೂತಿದ್ದರು. ಆಲೂಗಡ್ಡೆಯ ದೃಶ್ಯವನ್ನೂ ಇನ್ನೊಮ್ಮೆ ಮಾಡಿಸಿ ಎಂದು ಚೀಟಿ ಕಳಿಸಿದವರು ಅವರೇ.

ನಾಲ್ಕೂಕಾಲು ಗಂಟೆಗೆ ಮಳೆ ಬಂತು. ಮಾವನ ಒಪ್ಪಂದಕ್ಕಿಂತ ಮುಕ್ಕಾಲು ಗಂಟೆ ಮೊದಲು. ಕೈಲಾಸವನ್ನು ಸುತ್ತಿ ಟಾರ್ಪಾಲಿನ ಕೆಳಗೆ ತಳ್ಳುವ ಗದ್ದಲದಲ್ಲಿ ಮಾವ ಒಬ್ಬರೇ ಬಯಲಿನಲ್ಲಿ ನಿಂತಿದ್ದರು, ಮೈಯ ನೀಲಿ ಬಣ್ಣ ಪಂಚೆಗೆ ಇಳಿಯುತ್ತಿತ್ತು, ತೋಟದ ದಿಕ್ಕಿಗೆ ಮುಖ. "ಒಳ್ಳೆಯ ಮಳೆ, ಹದವಾದ ಮಳೆ" ಎನ್ನುತ್ತಿದ್ದರು. ಹಿಂದಿನಿಂದ ಡ್ರೆಸ್ಸಿನವರು ಕೂಗುತ್ತಿದ್ದರು: "ಜಟೆ, ಯಜಮಾನರೇ, ಜಟೆ!"

ನಾಲ್ಕನೆಯ ದಿನ

ನೆನೆದ ಜಟೆಯನ್ನು ಟ್ರಂಕಿಗೆ ಹಾಕಿದರೆ ಬೇರೆ ಡ್ರೆಸ್ಸೂ ಹಾಳು ಎಂದು ಅವರು ಬಿಟ್ಟು ಹೋಗಿದ್ದರು. ಬೆಳಿಗ್ಗೆಯೆಲ್ಲ ಅತ್ತೆಯ ಬಟ್ಟೆ ಹಗ್ಗದ ಮೇಲೆ ಒಣಗಿತು. ನಾಳೆ ಇನ್ನೊಂದು ಊರಿನ ಶಿವನಿಗೆ ಬೇಕಂತೆ, ಹೋಗುವಾಗ ಹಾಸನದ ಅಂಗಡಿಗೆ ಮುಟ್ಟಿಸು ಎಂದರು ಮಾವ. ಬೇಲೂರಿನಿಂದ ಹಾಸನಕ್ಕೆ ನಲವತ್ತು ಕಿಲೋಮೀಟರ್, ತೊಡೆಯ ಮೇಲೆ ಚೀಲ, ಚೀಲದ ಬಾಯಿಂದ ಹೊರಗೆ ಇಣುಕುವ ಸೆಣಬಿನ ಕೂದಲು. ಪಕ್ಕದ ಸೀಟಿನ ಮಗು ಅದನ್ನು ಮುಟ್ಟಿ ಮುಟ್ಟಿ ನೋಡಿತು.

ಅಂಗಡಿಯವರು ಜಟೆಯನ್ನು ಕೊಡವಿ, ಮೂಸಿ, ಒಳಗೆ ಕೈ ಹಾಕಿ ನೋಡಿದರು. "ಜಟೆ ಸರಿಯಾಗಿದೆ. ಗಂಗೆ ಎಲ್ಲಿ?"

ಜಟೆಯ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಪುಟ್ಟ ಮುಖ. ಮಾವನಿಗೆ ಫೋನ್ ಮಾಡಿದೆ. ಅವರು ಅತ್ತೆಯನ್ನು ಕರೆದರು, ದೂರದಲ್ಲಿ ಏನೋ ಮಾತು ನಡೆಯಿತು, ಅತ್ತೆಯೇ ಫೋನಿಗೆ ಬಂದರು. ಬೆಳಿಗ್ಗೆ ಜಟೆ ಹಿಂಡುವಾಗ ಕೈಗೆ ಬಂತಂತೆ. ಎಲ್ಲಿಡುವುದು ತೋಚದೆ ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚಿದ್ದಾರೆ, ದೀಪವೂ ಹಚ್ಚಿಯಾಗಿದೆ. ಈಗ ತೆಗೆದುಕೊಡಲು ಬರುವುದಿಲ್ಲವಂತೆ, ಅಂಗಡಿಯವರಿಗೆ ಅದರ ಬೆಲೆ ಎಷ್ಟು ಎಂದು ಕೇಳಬೇಕಂತೆ.